ಮಳೆಗಾಲ ದಾಟುವ ಬ್ಯಾಟರಿ: ತೋಟದ ಮನೆಯ ಸೋಲಾರ್‌ಗೆ ಬ್ಯಾಟರಿ ಕೂರಿಸುವುದು, ಕಾಪಾಡಿಕೊಳ್ಳುವುದು ಹೇಗೆ?

ಆಷಾಢದ ಗಾಳಿ ಶುರುವಾದರೆ ಮೂಡಿಗೆರೆ, ಕಳಸ, ಸಕಲೇಶಪುರದ ತೋಟಗಳಲ್ಲಿ ದಿನವೂ ಕೇಳುವ ಮಾತು ಒಂದೇ: "ನಿಮ್ಮಲ್ಲಿ ಕರೆಂಟು ಬಂತಾ?" ಎಲ್ಲೋ ಒಂದು ಸಿಲ್ವರ್ ಓಕ್ ಮುರಿದು ತಂತಿ ಮೇಲೆ ಬಿದ್ದಿರುತ್ತದೆ. ಲೈನು ಬರುವುದೇ ಕಾಡು, ಹಳ್ಳ, ತೋಟಗಳ ನಡುವೆ. ದುರಸ್ತಿಗೆ ಹೋಗುವವರೂ ಜಿಗಣೆ ಕಚ್ಚಿಸಿಕೊಂಡು, ಆ ಮಳೆಯಲ್ಲೇ ಮರ ಕಡಿದು, ಕಂಬ ಎತ್ತಬೇಕು. ಹಾಗಾಗಿ ಒಂದು ಸಲ ಹೋದ ಕರೆಂಟು ಬರಲು ದಿನಗಳೇ ಹಿಡಿಯುತ್ತವೆ. ಈಚೆಗೆ ತೋಟದ ಮನೆ, ಕೆಲಸಗಾರರ ಲೈನ್ ಮನೆ, ಹೋಂಸ್ಟೇಗಳಲ್ಲಿ ಸೋಲಾರ್ ಹಾಕಿಸಿಕೊಳ್ಳುವವರು ಹೆಚ್ಚಾಗಿರುವುದು ಇದಕ್ಕೇ.

ಹಾಕಿಸಿದ ಒಂದೆರಡು ವರ್ಷಕ್ಕೆ ಇನ್ನೊಂದು ಮಾತು ಕೇಳಿಬರುತ್ತದೆ: "ಮಲೆನಾಡಿಗೆ ಸೋಲಾರ್ ಆಗಿಬರಲ್ಲ." ಹಾಗೆ ಹೇಳುವವರ ಮನೆಗೆ ಹೋಗಿ ನೋಡಿದರೆ ಸಾಮಾನ್ಯವಾಗಿ ಮಾಡಿನ ಮೇಲಿನ ಪ್ಯಾನೆಲ್ ಚೆನ್ನಾಗಿಯೇ ಇರುತ್ತದೆ. ಸತ್ತಿರುವುದು ಮೂಲೆಯಲ್ಲಿ ಕೂತ ಬ್ಯಾಟರಿ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಒಂದು ಕಿಲೋವ್ಯಾಟ್ ಪ್ಯಾನೆಲ್, 150 ಎ.ಎಚ್.ನ ನಾಲ್ಕು ಬ್ಯಾಟರಿ. ಹಾಕಿಸಿದ್ದು ಫೆಬ್ರವರಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ರಾಜನ ಹಾಗೆ ನಡೆಯಿತು. ಜುಲೈ ಮೂರನೇ ವಾರ ಇನ್ವರ್ಟರ್ ಕೂಗತೊಡಗಿತು, ಆಮೇಲೆ ಸುಮ್ಮನಾಯಿತು. "ಬಿಸಿಲು ಬಂದ ಮೇಲೆ ಸರಿಹೋಗುತ್ತೆ" ಅಂತ ಹಾಗೇ ಬಿಟ್ಟೆವು. ಬಿಸಿಲು ಬಂತು, ದೀಪಾವಳಿಯೂ ಬಂತು. ಅಷ್ಟರಲ್ಲಿ ಬ್ಯಾಟರಿಗೆ ಮೂರು ಬಲ್ಬನ್ನು ಒಂದು ಗಂಟೆ ಉರಿಸುವ ತ್ರಾಣವೂ ಉಳಿದಿರಲಿಲ್ಲ.

ಆ ನಾಲ್ಕು ಬ್ಯಾಟರಿ ಯಾಕೆ ಸತ್ತವು ಅನ್ನುವುದು ಅರ್ಥವಾದರೆ ಈ ವಿಷಯದ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಸೋಲಾರ್ ಇದ್ದೂ ಕತ್ತಲೆ ಯಾಕೆ?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸೋಲಾರ್‌ನಲ್ಲಿ ಎರಡು ಬಗೆ. ಒಂದು ಗ್ರಿಡ್‌ಗೆ, ಅಂದರೆ ಕರೆಂಟು ಕಂಪನಿಯ ಲೈನಿಗೆ ಜೋಡಿಸಿದ್ದು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುವುದು ಈ ಬಗೆಗೆ. ಇದರಲ್ಲಿ ನೀವು ಉತ್ಪಾದಿಸಿದ ಕರೆಂಟು ಚಿಕ್ಕಮಗಳೂರು ಜಿಲ್ಲೆಯಲ್ಲಾದರೆ ಮೆಸ್ಕಾಂ ಲೈನಿಗೆ, ಹಾಸನದಲ್ಲಾದರೆ ಸೆಸ್ಕ್ ಲೈನಿಗೆ ಸೇರುತ್ತದೆ. ಬಳಸಿದ್ದು ಎಷ್ಟು, ಕೊಟ್ಟದ್ದು ಎಷ್ಟು ಅಂತ ಮೀಟರು ಲೆಕ್ಕ ಇಡುತ್ತದೆ. ಲೈನಿನಲ್ಲಿ ಕರೆಂಟು ಹೋದ ಕೂಡಲೇ ಈ ಸೋಲಾರ್ ತಾನಾಗಿ ನಿಲ್ಲುತ್ತದೆ, ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಅಷ್ಟೇ. ಇದು ದೋಷವಲ್ಲ. ಕಂಬದ ಮೇಲೆ ಹತ್ತಿ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್‌ಗೆ ನಿಮ್ಮ ಮಾಡಿನಿಂದ ಹರಿದ ಕರೆಂಟು ಹೊಡೆಯಬಾರದೆಂದು ಇನ್ವರ್ಟರ್‌ನಲ್ಲೇ ಇಟ್ಟಿರುವ ಬೀಗ.

ಇನ್ನೊಂದು ಬಗೆ ಆಫ್‌ಗ್ರಿಡ್. ಇದು ಯಾರ ಲೈನನ್ನೂ ನಂಬಿಲ್ಲ. ಹಗಲು ಬಂದದ್ದನ್ನು ಬ್ಯಾಟರಿಯಲ್ಲಿ ತುಂಬಿಟ್ಟು ರಾತ್ರಿ ಕೊಡುತ್ತದೆ. ಹಲವು ಬ್ಯಾಟರಿಗಳನ್ನು ಒಟ್ಟಿಗೆ ಕಟ್ಟಿದರೆ ಅದೇ ಬ್ಯಾಟರಿ ಬ್ಯಾಂಕ್. ಎರಡನ್ನೂ ಬೆರೆಸಿದ ಹೈಬ್ರಿಡ್ ಬಗೆಯೂ ಇದೆ. ಅದರಲ್ಲಿ ಬ್ಯಾಟರಿಯ ಭಾಗಕ್ಕೆ ಇಲ್ಲಿ ಹೇಳುವುದೆಲ್ಲ ಅನ್ವಯಿಸುತ್ತದೆ.

ವೋಲ್ಟ್, ಎ.ಎಚ್., ಯುನಿಟ್

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದು ಸುಲಭ. ಪೈಪಿನಲ್ಲಿ ನೀರಿನ ಒತ್ತಡ ಇದ್ದ ಹಾಗೆ ವೋಲ್ಟ್. ಹರಿಯುವ ನೀರಿನ ಪ್ರಮಾಣ ಆಂಪಿಯರ್. ತೊಟ್ಟಿ ಎಷ್ಟು ಹಿಡಿಸುತ್ತದೆ ಅನ್ನುವುದು ಆಂಪಿಯರ್ ಅವರ್, ಅಂದರೆ ಎ.ಎಚ್. ವೋಲ್ಟನ್ನು ಎ.ಎಚ್.ನಿಂದ ಗುಣಿಸಿದರೆ ಸಿಗುವುದು ವ್ಯಾಟ್ ಅವರ್. ಅಂಥ ಸಾವಿರ ಸೇರಿದರೆ ಕರೆಂಟು ಬಿಲ್ಲಿನಲ್ಲಿ ಬರೆದಿರುವ ಒಂದು ಯುನಿಟ್.

12 ವೋಲ್ಟಿನ 150 ಎ.ಎಚ್. ಬ್ಯಾಟರಿ ಅಂದರೆ 1,800 ವ್ಯಾಟ್ ಅವರ್, ಎಂದರೆ 1.8 ಯುನಿಟ್. ಆದರೆ ಲೀಡ್ ಆಸಿಡ್ ಬ್ಯಾಟರಿಯನ್ನು, ಅಂದರೆ ಸೀಸದ ಪ್ಲೇಟು, ಆಸಿಡ್ ಇರುವ ಮಾಮೂಲಿ ಬ್ಯಾಟರಿಯನ್ನು, ದಿನವೂ ತಳ ಕಾಣುವ ತನಕ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಅರ್ಧ ಮಾತ್ರ ಬಳಸುವುದು ಕ್ಷೇಮ. ಆ ಲೆಕ್ಕದಲ್ಲಿ ಕೈಗೆ ಸಿಗುವುದು 900 ವ್ಯಾಟ್ ಅವರ್, ಒಂದು ಯುನಿಟ್ಟಿಗೂ ಕಡಿಮೆ.

ಕೊಳ್ಳುವಾಗ ಲೇಬಲ್ಲಿನಲ್ಲಿ ಸಿ10 ಅಥವಾ ಸಿ20 ಅಂತ ಬರೆದಿರುವುದನ್ನೂ ನೋಡಿ. ಹತ್ತು ಗಂಟೆಯಲ್ಲಿ ಖಾಲಿ ಮಾಡಿದಾಗ 150 ಕೊಡುವುದು ಸಿ10. ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ 150 ಕೊಡುವುದು ಸಿ20. ಸಂಖ್ಯೆ ಒಂದೇ ಆದರೂ ಸಿ20 ಬ್ಯಾಟರಿಯ ತೊಟ್ಟಿ ಸ್ವಲ್ಪ ಚಿಕ್ಕದು. ಸೋಲಾರ್‌ಗೆಂದೇ ಮಾರುವ ಬ್ಯಾಟರಿಗಳಲ್ಲಿ ಸಿ10 ಇರುತ್ತದೆ.

ನಿಮ್ಮ ಮನೆಗೆ ಎಷ್ಟು ಬೇಕು?

ಒಂದು ಸಾಧಾರಣ ತೋಟದ ಮನೆ ತೆಗೆದುಕೊಳ್ಳೋಣ. 9 ವ್ಯಾಟಿನ 8 ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 360 ವ್ಯಾಟ್ ಅವರ್. ವೈಫೈ ಡಬ್ಬಿ 10 ವ್ಯಾಟಿನದು, ಇಡೀ ದಿನ ಇರುವುದರಿಂದ 240. ಟಿ.ವಿ. 60 ವ್ಯಾಟ್, 3 ಗಂಟೆಗೆ 180. ಫೋನು, ಟಾರ್ಚು, ಲ್ಯಾಪ್‌ಟಾಪ್ ಸೇರಿ 120. ಮಿಕ್ಸಿ 600 ವ್ಯಾಟ್ ಆದರೂ ಓಡುವುದು ಹತ್ತು ನಿಮಿಷ, ಅಲ್ಲಿಗೆ 100. ಒಟ್ಟು 1,000, ಸರಿಯಾಗಿ ಒಂದು ಯುನಿಟ್. ಮಳೆಗಾಲದಲ್ಲಿ ನಮಗೆ ಫ್ಯಾನ್ ಬೇಡ, ಅದೊಂದು ಪುಣ್ಯ. ಫ್ರಿಜ್ ಬೇಕೆಂದರೆ ಇನ್ನೊಂದು ಯುನಿಟ್ ಹತ್ತಿರ ಸೇರಿಸಿ.

ಇಲ್ಲಿ ಎಲ್ಲರೂ ಮರೆಯುವುದು ಇನ್ವರ್ಟರ್ ತಾನೇ ಕುಡಿಯುವ ಕರೆಂಟನ್ನು. ಏನೂ ಉರಿಯದೆ ಸುಮ್ಮನೆ ಆನ್ ಆಗಿ ಕೂತಿದ್ದರೂ ಅದು 15 ವ್ಯಾಟಿನಷ್ಟು ತಿನ್ನುತ್ತದೆ ಅಂದುಕೊಳ್ಳಿ, 24 ಗಂಟೆಗೆ 360. ಮನೆಯ ಎಂಟೂ ಬಲ್ಬು ಸೇರಿ ತಿನ್ನುವಷ್ಟೇ ಆಯಿತು! ಬ್ಯಾಟರಿಯ ಡಿ.ಸಿ.ಯನ್ನು (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಮನೆಯ ಎ.ಸಿ.ಯಾಗಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟು) ತಿರುಗಿಸುವಾಗ ಆಗುವ ನಷ್ಟ ಬೇರೆ. ಎಲ್ಲ ಸೇರಿಸಿದರೆ ಒಂದು ಯುನಿಟ್ ಬಳಸುವ ಮನೆಗೆ ಬ್ಯಾಟರಿಯಿಂದ ದಿನಕ್ಕೆ ಒಂದೂವರೆ ಯುನಿಟ್ ಹೊರಡುತ್ತದೆ.

ಬಿಸಿಲೇ ಇಲ್ಲದ ಎರಡು ದಿನ ದಾಟಬೇಕೆಂದರೆ 3 ಯುನಿಟ್ ಬೇಕು. ಲೀಡ್ ಆಸಿಡ್‌ನಲ್ಲಿ ಅರ್ಧವೇ ಬಳಸುವುದರಿಂದ 6 ಯುನಿಟ್‌ನ ಬ್ಯಾಂಕ್. 150 ಎ.ಎಚ್.ನ ನಾಲ್ಕು ಬ್ಯಾಟರಿಗೆ 7.2 ಯುನಿಟ್ ಆಗುತ್ತದೆ. ಲಿಥಿಯಂ ಬ್ಯಾಟರಿಯಾದರೆ ಶೇ. 80ರಷ್ಟು ಬಳಸಬಹುದು, ಹಾಗಾಗಿ 4 ಯುನಿಟ್ ಸಾಕು.

ಅಂದರೆ ನಮ್ಮ ಮನೆಗೆ ನಾಲ್ಕು ಬ್ಯಾಟರಿ ಹಾಕಿದ ಲೆಕ್ಕ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಕಡೆ.

ಅರೆ ಒಣಗಿದ ಕಾಫಿಯನ್ನು ಮೂಟೆ ಕಟ್ಟಿದರೆ?

ಲೀಡ್ ಆಸಿಡ್ ಬ್ಯಾಟರಿ ಹಳೆಯ ವಿದ್ಯೆ. ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ 1859ರಲ್ಲಿ ಮಾಡಿದ್ದು, ಇವತ್ತಿಗೂ ಅದೇ ತತ್ವ. ಸೀಸದ ಪ್ಲೇಟುಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಕರೆಂಟು ತೆಗೆಯುತ್ತಾ ಹೋದ ಹಾಗೆ ಆಸಿಡ್‌ನೊಳಗಿನ ಸತ್ವ ಪ್ಲೇಟಿಗೆ ಅಂಟಿ ಸೀಸದ ಸಲ್ಫೇಟ್ ಆಗುತ್ತದೆ, ಆಸಿಡ್ ನೀರುನೀರಾಗುತ್ತದೆ. ಚಾರ್ಜ್ ಮಾಡಿದಾಗ ಆ ಸಲ್ಫೇಟ್ ಕರಗಿ ಮತ್ತೆ ಆಸಿಡ್‌ಗೆ ಮರಳುತ್ತದೆ.

ಇದರಲ್ಲೊಂದು ಗಡುವು ಇದೆ. ಹೊಸದಾಗಿ ಅಂಟಿದ ಸಲ್ಫೇಟ್ ಮೆತ್ತಗೆ ಇರುತ್ತದೆ, ಸಲೀಸಾಗಿ ಬಿಡುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ದೊಡ್ಡ ಹರಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಪೂರ್ತಿ ಕರಗುವುದಿಲ್ಲ, ಪ್ಲೇಟಿನ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಕಣದಲ್ಲಿ ಅರೆ ಒಣಗಿದ ಕಾಫಿಯನ್ನು, ಮೋಡ ಬಂತೆಂದು ಮೂಟೆ ಕಟ್ಟಿ ಮೂಲೆಗೆ ಒಟ್ಟಿದರೆ ಏನಾಗುತ್ತದೆ? ಹೊರಗಿನಿಂದ ಚೀಲ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಬೂಸಲು ಹಿಡಿದಿರುತ್ತದೆ. ಆಮೇಲೆ ಎಷ್ಟು ಬಿಸಿಲಿಗೆ ಹರವಿದರೂ ಆ ಕಾಫಿ ಮೊದಲಿನ ಕಾಫಿ ಆಗುವುದಿಲ್ಲ. ಅರ್ಧ ಚಾರ್ಜಿನಲ್ಲಿ ಜುಲೈ ಕಳೆದ ಬ್ಯಾಟರಿಯೂ ಅಷ್ಟೇ.

ನಮ್ಮ ಮನೆಯ ಜುಲೈ ಲೆಕ್ಕ ಹೀಗಿತ್ತು. ಫೆಬ್ರವರಿ, ಮಾರ್ಚ್‌ನ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯುನಿಟ್ಟಿನ ಆಸುಪಾಸು ಕೊಡುತ್ತದೆ. ಬೇಕಿದ್ದದ್ದು ಒಂದೂವರೆ. ಮಧ್ಯಾಹ್ನದೊಳಗೆ ಬ್ಯಾಟರಿ ತುಂಬಿ ತುಳುಕುತ್ತಿತ್ತು. ಜುಲೈಯ ದಟ್ಟ ಮೋಡದಲ್ಲಿ ಅದೇ ಪ್ಯಾನೆಲ್ ಒಂದು ಯುನಿಟ್ ಕೊಟ್ಟರೆ ಹೆಚ್ಚು ಅನ್ನುವ ದಿನಗಳು ಸಾಲಾಗಿ ಬಂದವು. ಚಾರ್ಜ್ ಮಾಡುವಾಗಿನ ನಷ್ಟ ಕಳೆದರೆ ಬ್ಯಾಟರಿಗೆ ಸೇರುವುದು 850 ವ್ಯಾಟ್ ಅವರ್. ಹೊರಡುವುದು 1,500. ದಿನಕ್ಕೆ 650ರ ಸಾಲ. ಐದಾರು ದಿನಕ್ಕೆ ಬ್ಯಾಂಕ್ ಅರ್ಧಕ್ಕಿಳಿಯಿತು, ಇನ್ನೈದು ದಿನಕ್ಕೆ ತಳ ಸೇರಿತು. ಬಿಸಿಲು ಬರಲಿ ಎಂದು ನಾವು ಕಾಯುತ್ತಿದ್ದ ಒಂದೊಂದು ದಿನವೂ ಒಳಗೆ ಸಲ್ಫೇಟ್ ಗಟ್ಟಿಯಾಗುತ್ತಿತ್ತು.

ಆದ್ದರಿಂದ ಮಲೆನಾಡಿನ ಕಡೆಯವರು ಪ್ಯಾನೆಲ್ ಲೆಕ್ಕವನ್ನು ಮಾರ್ಚ್‌ನ ಬಿಸಿಲಿಗೆ ಹಾಕಿಸಬೇಡಿ, ಜುಲೈಗೆ ಹಾಕಿಸಿ. ಇದೊಂದು ಮಾತನ್ನು ನಾನು ಯಾರ ಮುಂದೆಯೂ ಒತ್ತಿ ಹೇಳುತ್ತೇನೆ. ನಮ್ಮ ಮನೆಗೆ ಒಂದರ ಬದಲು ಎರಡು ಕಿಲೋವ್ಯಾಟ್ ಇದ್ದಿದ್ದರೆ ಜುಲೈಯ ಲೆಕ್ಕ ಹೆಚ್ಚುಕಡಿಮೆ ಸರಿದೂಗುತ್ತಿತ್ತು. ಪ್ಯಾನೆಲ್ ಬೆಲೆ ವರ್ಷಗಳಿಂದ ಇಳಿಯುತ್ತಾ ಬಂದಿದೆ, ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ನಾಲ್ಕೈದು ವರ್ಷಕ್ಕೆ ಬದಲಿಸಬೇಕಾದ ಲೀಡ್ ಆಸಿಡ್ ಬ್ಯಾಟರಿಗಿಂತ ಪ್ಯಾನೆಲ್ಲಿಗೆ ಹಾಕಿದ ಹಣ ನಿಲ್ಲುತ್ತದೆ. ಅರಸೀಕೆರೆ, ಕಡೂರಿನ ಬಯಲು ಸೀಮೆಯವರಿಗೆ ಇಷ್ಟು ಬೇಕಾಗದು, ಅಲ್ಲಿ ಜುಲೈಯಲ್ಲೂ ಮೋಡ ಹರಿದು ಬಿಸಿಲು ಇಣುಕುತ್ತದೆ.

ಪ್ಯಾನೆಲ್ ಹೆಚ್ಚಿಸಿದರೆ ಬೇಸಿಗೆಯಲ್ಲಿ ಬ್ಯಾಟರಿಗೆ ಅತಿಯಾಗುವುದಿಲ್ಲವೇ? ಆಗುತ್ತದೆ, ಅದಕ್ಕೆ ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ಇದೆ. ಲೀಡ್ ಆಸಿಡ್‌ಗೆ ಅದರ ಎ.ಎಚ್.ನ ಹತ್ತನೇ ಒಂದು ಭಾಗದಷ್ಟು ಆಂಪಿಯರ್ ಹಿತ, 150ಕ್ಕೆ 15. ಹೆಚ್ಚೆಂದರೆ ಐದನೇ ಒಂದು ಭಾಗ, 30. ಒಳ್ಳೆಯ ಕಂಟ್ರೋಲರ್‌ನಲ್ಲಿ ಈ ಮಿತಿಯನ್ನು ಸೆಟ್ ಮಾಡಬಹುದು. ಪಿಡಬ್ಲ್ಯುಎಂ, ಎಂಪಿಪಿಟಿ ಅಂತ ಎರಡು ಜಾತಿಯ ಕಂಟ್ರೋಲರ್ ಸಿಗುತ್ತವೆ. ಎಂಪಿಪಿಟಿಗೆ ಬೆಲೆ ಹೆಚ್ಚು. ಪ್ಯಾನೆಲ್ಲಿನ ಹೆಚ್ಚುವರಿ ವೋಲ್ಟನ್ನು ಆಂಪಿಯರ್ ಆಗಿ ತಿರುಗಿಸಿಕೊಳ್ಳುವುದರಿಂದ ಒಂದು ಕಿಲೋವ್ಯಾಟ್ ದಾಟಿದ ಮನೆಗಳಿಗೆ ಅದೇ ಸರಿ.

ಕಂಟ್ರೋಲರ್ ಬ್ಯಾಟರಿ ತುಂಬಿಸುವ ರೀತಿ ಚೀಲಕ್ಕೆ ಕಾಫಿ ತುಂಬಿದ ಹಾಗೆಯೇ. ಮೊದಲು ಬುಟ್ಟಿ ಬುಟ್ಟಿ ಸುರಿಯುವುದು. ಮುಕ್ಕಾಲು ದಾಟಿದ ಮೇಲೆ ಚೀಲ ಅಲುಗಿಸಿ, ಕುಟ್ಟಿ, ಬೊಗಸೆ ಬೊಗಸೆಯಾಗಿ ಹಾಕುವುದು. 12 ವೋಲ್ಟಿನ ಬ್ಯಾಟರಿಗೆ ಈ ಎರಡನೇ ಹಂತ 14.4 ವೋಲ್ಟಿನ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ತುಂಬಿದ ಮೇಲೆ 13.5ರ ಹತ್ತಿರ ಇಳಿದು, ಸೋರಿದಷ್ಟನ್ನು ಮಾತ್ರ ತುಂಬುತ್ತಾ ಕಾಯುತ್ತದೆ. ಆ ಕೊನೆಯ ಬೊಗಸೆಗಳ ಹಂತವೇ ಸಲ್ಫೇಟನ್ನು ಪೂರ್ತಿ ಬಿಡಿಸುವುದು. ಮಳೆಗಾಲದಲ್ಲಿ ತಪ್ಪಿಹೋಗುವುದೂ ಅದೇ.

ಜನರೇಟರ್ ಇದ್ದವರಿಗೆ ಇಲ್ಲೊಂದು ಉಪಾಯವಿದೆ. ಮೋಡ ಕವಿದ ವಾರದಲ್ಲಿ ಒಂದು ದಿನವಾದರೂ ಬ್ಯಾಟರಿ ಪೂರ್ತಿ ತುಂಬಬೇಕು. ಜನರೇಟರನ್ನು ಸಂಜೆ ಹಾಕುವ ಬದಲು ಬೆಳಗ್ಗೆ ಹಾಕಿ. ಮೊದಲ ಮುಕ್ಕಾಲು ಭಾಗವನ್ನು ಅದು ತುಂಬಲಿ. ಉಳಿದ ನಿಧಾನದ ಕೆಲಸಕ್ಕೆ ಬೇಕಾಗುವುದು ಸ್ವಲ್ಪವೇ ಕರೆಂಟು, ಮೋಡದ ಬೆಳಕಿನಲ್ಲೂ ಪ್ಯಾನೆಲ್ ಅಷ್ಟನ್ನು ಕೊಡುತ್ತದೆ. ಡೀಸೆಲ್ಲೂ ಉಳಿಯುತ್ತದೆ.

ಇನ್ವರ್ಟರ್ ಸಾಮಾನ್ಯವಾಗಿ ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ಕಟ್ ಆಗುತ್ತದೆ. ಅಷ್ಟರಲ್ಲಿ ತೊಟ್ಟಿಯ ತಳ ಕಂಡಿರುತ್ತದೆ. ಬದಲಿಸಲು ಸೆಟ್ಟಿಂಗ್ ಇದ್ದರೆ ಅದನ್ನು 11.5ರ ಸುತ್ತಮುತ್ತ ಏರಿಸಿಡಿ.

ಟ್ಯೂಬುಲರ್ ಅಥವಾ ಲಿಥಿಯಂ?

ಕಾರು, ಟ್ರ್ಯಾಕ್ಟರಿನ ಬ್ಯಾಟರಿ ಇದಕ್ಕೆ ಆಗದು. ಅದರ ಪ್ಲೇಟು ತೆಳು, ಎಂಜಿನ್ ಎಬ್ಬಿಸಲು ಒಂದು ಕ್ಷಣ ಜೋರಾಗಿ ಕರೆಂಟು ಕೊಡುವುದಷ್ಟೇ ಅದಕ್ಕೆ ಗೊತ್ತು. ಸೋಲಾರ್‌ಗೆ ಬೇಕಾದದ್ದು ರಾತ್ರಿಯಿಡೀ ಸ್ವಲ್ಪ ಸ್ವಲ್ಪವಾಗಿ ಕೊಡುವ ಟ್ಯೂಬುಲರ್ ಬ್ಯಾಟರಿ. ಅದರಲ್ಲಿ ಪ್ಲೇಟಿನ ವಸ್ತು ಉದುರದಂತೆ ಕೊಳವೆಯೊಳಗೆ ತುಂಬಿರುತ್ತಾರೆ.

ಲಿಥಿಯಂ ಎಂದಾಗ ಮನೆ ಸೋಲಾರ್‌ಗೆ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಬಗೆ, ಅಂಗಡಿಯಲ್ಲಿ ಎಲ್‌ಎಫ್‌ಪಿ ಅನ್ನುತ್ತಾರೆ. ಬೇರೆ ಲಿಥಿಯಂ ಬಗೆಗಳಿಗಿಂತ ಬೆಂಕಿಯ ಭಯ ಇದರಲ್ಲಿ ಕಡಿಮೆ. ಇದಕ್ಕೆ ನೀರು ಹಾಕುವ ಕೆಲಸವಿಲ್ಲ, ತೂಕ ಕಡಿಮೆ, ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದು. ನಮ್ಮ ಊರಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಅರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಇದ್ದರೂ ಇದಕ್ಕೆ ಸಲ್ಫೇಟಿನ ರೋಗ ಇಲ್ಲ. ಮಲೆನಾಡಿನ ಜುಲೈಗೆ ಹೇಳಿ ಮಾಡಿಸಿದ ಹಾಗಿದೆ. ಕೊಳ್ಳುವಾಗಿನ ಬೆಲೆ ಹೆಚ್ಚು ಅನ್ನುವುದೇ ಅಡ್ಡಿ.

ಪ್ರತಿ ಲಿಥಿಯಂ ಬ್ಯಾಟರಿಯೊಳಗೂ ಬಿಎಂಎಸ್ ಎಂಬ ಕಾವಲುಗಾರ ಇರುತ್ತದೆ. ಬ್ಯಾಟರಿಯೊಳಗಿನ ಬಿಡಿ ಘಟಕಗಳಾದ ಸೆಲ್‌ಗಳಲ್ಲಿ ಯಾವುದಾದರೂ ಅತಿಯಾಗಿ ತುಂಬಿದರೆ, ಅತಿಯಾಗಿ ಇಳಿದರೆ, ಬಿಸಿಯಾದರೆ ಅದು ಬಾಗಿಲು ಹಾಕಿಬಿಡುತ್ತದೆ. "ಬ್ಯಾಟರಿ ಇದ್ದಕ್ಕಿದ್ದಂತೆ ಸತ್ತಿತು" ಅನ್ನುವ ದೂರಿನಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ, ಸರಿಯಾದ ಚಾರ್ಜರ್ ಜೋಡಿಸಿದರೆ ಮತ್ತೆ ಏಳುತ್ತದೆ. ಹಳೆಯ ಇನ್ವರ್ಟರ್‌ಗೆ ಲಿಥಿಯಂ ಜೋಡಿಸುವ ಮುನ್ನ ಅದರಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯೇ ಎಂದು ಕೇಳಿ.

ಎಲ್ಲಿ ಇಡಬೇಕು?

ಬ್ಯಾಟರಿಗೆ ಹಿತವಾದ ಹವೆ ಸುಮಾರು 25 ಡಿಗ್ರಿ. ಅದರ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಲೀಡ್ ಆಸಿಡ್ ಬ್ಯಾಟರಿಯ ಆಯಸ್ಸು ಅರ್ಧಕ್ಕರ್ಧ ಇಳಿಯುತ್ತದೆ ಅನ್ನುವುದು ಸ್ಥೂಲ ಲೆಕ್ಕ. ಈ ವಿಷಯದಲ್ಲಿ ಹಾಸನ, ಚಿಕ್ಕಮಗಳೂರಿನ ತಂಪು ನಮಗೆ ಸಿಕ್ಕ ವರ. ತಗಡಿನ ಮಾಡಿನ ಕೆಳಗೋ ಪಶ್ಚಿಮದ ಬಿಸಿಲು ಬೀಳುವ ಗೋಡೆಗೋ ಇಟ್ಟು ಅದನ್ನು ಕಳೆದುಕೊಳ್ಳಬೇಡಿ.

ಲೀಡ್ ಆಸಿಡ್ ಚಾರ್ಜ್ ಆಗುವಾಗ ಜಲಜನಕ ಅನಿಲ ಬರುತ್ತದೆ. ಗಾಳಿಯಲ್ಲಿ ಶೇ. 4 ಸೇರಿದರೆ ಒಂದು ಕಿಡಿ ಸಾಕು ಸಿಡಿಯಲು. ಗಾಳಿಗಿಂತ ಹಗುರವಾದ್ದರಿಂದ ಅದು ಮೇಲೆ ಹೋಗಿ ಚಾವಣಿಯಡಿ ನಿಲ್ಲುತ್ತದೆ. ಹಾಗಾಗಿ ಗೋಡೆಯ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಬೇಕು. ಮಲಗುವ ಕೋಣೆ, ಒಲೆ ಉರಿಯುವ ಅಡುಗೆಮನೆ, ದೀಪ ಹಚ್ಚುವ ದೇವರ ಕೋಣೆ ಪಕ್ಕದ ಗೂಡು, ಇವು ಯಾವುವೂ ಬೇಡ. ಕಾಫಿ, ಮೆಣಸು ಇಡುವ ಗೋದಾಮೂ ಬೇಡ. ಕಾಫಿ ವಾಸನೆ ಹೀರುತ್ತದೆ, ಗೋಣಿ ಬೆಂಕಿ ಹಿಡಿಯುತ್ತದೆ. ಇನ್ವರ್ಟರನ್ನು ಬ್ಯಾಟರಿಯ ನೇರ ಮೇಲೆ ತೂಗುಹಾಕಬೇಡಿ, ಆಸಿಡ್ ಆವಿಗೆ ಒಳಗಿನ ತಾಮ್ರ ಕೊರೆದುಹೋಗುತ್ತದೆ. ಬ್ಯಾಟರಿಗಳ ನಡುವೆ ಎರಡು ಬೆರಳು ಜಾಗ ಬಿಡಿ. ಇಲಿ ವೈರು ಕಡಿಯುವುದು, ಇರುವೆ ಇನ್ವರ್ಟರಿನೊಳಗೆ ಗೂಡು ಕಟ್ಟುವುದು ತೋಟದ ಮನೆಗಳಲ್ಲಿ ಮಾಮೂಲು. ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ.

ಜೋಡಣೆಯ ದಿನ ನೀವೂ ನಿಂತು ನೋಡಿ

ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಕಟ್ಟಿದರೆ ಸೀರೀಸ್, ವೋಲ್ಟ್ ಕೂಡುತ್ತದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿದರೆ ಪ್ಯಾರಲಲ್, ಎ.ಎಚ್. ಕೂಡುತ್ತದೆ. ನಾಲ್ಕು ಬ್ಯಾಟರಿ ಇದ್ದರೆ ನಾಲ್ಕನ್ನೂ ಸೀರೀಸಿನಲ್ಲಿ 48 ವೋಲ್ಟ್ ಮಾಡುವುದು ಒಳ್ಳೆಯದು. ಕಾರಣ ಸರಳ. 1,000 ವ್ಯಾಟ್ ಸಾಗಿಸಲು 12 ವೋಲ್ಟಿನಲ್ಲಿ 83 ಆಂಪಿಯರ್ ಹರಿಯಬೇಕು, 48ರಲ್ಲಿ 21 ಸಾಕು. ಕರೆಂಟು ನಾಲ್ಕು ಪಟ್ಟು ಹೆಚ್ಚಿದರೆ ಅದೇ ವೈರಿನಲ್ಲಿ ಬಿಸಿಯಾಗಿ ಪೋಲಾಗುವುದು ಹದಿನಾರು ಪಟ್ಟು.

ಪ್ಯಾರಲಲ್ ಮಾಡಲೇಬೇಕಾದರೆ ಪ್ಲಸ್ ಕೇಬಲನ್ನು ಸಾಲಿನ ಒಂದು ತುದಿಯಿಂದ, ಮೈನಸ್ಸನ್ನು ಇನ್ನೊಂದು ತುದಿಯಿಂದ ಎಳೆಯಬೇಕು. ಎರಡನ್ನೂ ಒಂದೇ ತುದಿಯಿಂದ ಎಳೆದರೆ ಹತ್ತಿರದ ಬ್ಯಾಟರಿ ದುಡಿದು ದುಡಿದು ಸೋಲುತ್ತದೆ, ದೂರದ್ದು ಆರಾಮಾಗಿರುತ್ತದೆ. ಹಳೆಯದರ ಜೊತೆ ಹೊಸದನ್ನು ಕಟ್ಟುವುದಂತೂ ಮುದಿ ಎತ್ತಿಗೂ ಎಳೆ ಎತ್ತಿಗೂ ಒಂದೇ ನೊಗ ಹೂಡಿದ ಹಾಗೆ, ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ. ಒಂದೇ ಕಂಪನಿ, ಒಂದೇ ಎ.ಎಚ್., ಒಂದೇ ತಿಂಗಳು ತಯಾರಾದವನ್ನೇ ಕೊಳ್ಳಿ.

ಸಡಿಲ ನಟ್ಟು ಎಷ್ಟು ಅಪಾಯ ಅನ್ನುವುದಕ್ಕೆ ಒಂದು ಲೆಕ್ಕ. ಸಡಿಲವಾದ ಜಾಗದಲ್ಲಿ ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದ್ದು ಅಲ್ಲಿ 80 ಆಂಪಿಯರ್ ಹರಿದರೆ 64 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಕಬ್ಬಿಣವನ್ನು ಆ ನಟ್ಟಿನ ಮೇಲೆ ಉರಿಸಿಟ್ಟಷ್ಟಾಯಿತು. ಟರ್ಮಿನಲ್ಲಿನ ಪ್ಲಾಸ್ಟಿಕ್ ಕರಗಿರುವುದು, ಕೇಬಲ್ ತುದಿ ಕಪ್ಪಾಗಿರುವುದು ಇದರಿಂದಲೇ.

ಫ್ಯೂಸ್ ಬೇಕೇ ಬೇಕು, ಬ್ಯಾಟರಿಯ ಪ್ಲಸ್ಸಿಗೆ ಆದಷ್ಟು ಹತ್ತಿರ. ಅದೂ ಡಿ.ಸಿ.ಗೆಂದೇ ಮಾಡಿದ್ದು. ಮನೆಯ ಎ.ಸಿ. ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏಳುವುದರಿಂದ ಎಂಸಿಬಿ (ಕರೆಂಟು ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಬಿದ್ದಾಗ ಏಳುವ ಕಿಡಿ ತಾನಾಗಿ ಆರುತ್ತದೆ. ಡಿ.ಸಿ.ಗೆ ಆ ಬಿಡುವು ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಖರ್ಚು ಉಳಿಸಲು ಮನೆಯ ಎಂಸಿಬಿಯನ್ನೇ ಬ್ಯಾಟರಿಗೆ ಹಾಕಲು ಹೊರಟರೆ ಒಪ್ಪಬೇಡಿ.

ಜೋಡಿಸುವಾಗ ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಕೊಟ್ಟು ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಉಂಗುರ, ಕೈಗಡಿಯಾರ ತೆಗೆದಿಡಬೇಕು. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಬೇಕು. ಕೈಜಾರಿದ ಸ್ಪ್ಯಾನರ್ ಎರಡು ಟರ್ಮಿನಲ್ ಮುಟ್ಟಿದರೆ ಅಲ್ಲೇ ಬೆಸೆದುಕೊಳ್ಳುವಷ್ಟು ಕರೆಂಟು ಹರಿಯುತ್ತದೆ.

ಮಾರ್ಚ್, ಏಪ್ರಿಲ್‌ನ ಹೂಮಳೆ ಸಿಡಿಲನ್ನೂ ಜೊತೆಗೆ ತರುತ್ತದೆ. ಪ್ಯಾನೆಲ್ಲಿನ ಚೌಕಟ್ಟಿಗೆ ಸರಿಯಾದ ಅರ್ಥಿಂಗ್, ಪ್ಯಾನೆಲ್ ವೈರು ಮನೆಯೊಳಗೆ ಬರುವಲ್ಲಿ ಸರ್ಜ್, ಅಂದರೆ ಒಮ್ಮೆಲೇ ನುಗ್ಗುವ ಅತಿ ವೋಲ್ಟ್, ತಡೆಯುವ ಎಸ್‌ಪಿಡಿ ಹಾಕಿಸಿ.

ತಿಂಗಳಿಗೊಂದು ಬೆಳಗ್ಗೆ

ಈಗ ಹೊಸ ಬ್ಯಾಟರಿಗೆ ನಾನು ತಿಂಗಳಿಗೊಮ್ಮೆ ಒಂದು ಗಂಟೆ ಕೊಡುತ್ತೇನೆ. ಪ್ಯಾನೆಲ್ಲಿಗೆ ಬೆಳಕು ತಾಗುವ ಮೊದಲು, ಇನ್ವರ್ಟರ್ ಆಫ್ ಮಾಡಿ ಬ್ಯಾಟರಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡ ಮೇಲೆ, ಮಲ್ಟಿಮೀಟರ್‌ನಲ್ಲಿ ಒಂದೊಂದರ ವೋಲ್ಟ್ ನೋಡುವುದು ಮೊದಲ ಕೆಲಸ. 12.7 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 11.8ಕ್ಕೆ ಇಳಿದಿದ್ದರೆ ಖಾಲಿ. ನಾಲ್ಕರಲ್ಲಿ ಒಂದು ಮಾತ್ರ ಕೆಳಗಿದ್ದರೆ ಅದರ ಮೇಲೆ ಕಣ್ಣಿಡಬೇಕು. ಲಿಥಿಯಂಗೆ ಈ ಲೆಕ್ಕ ನಡೆಯದು. ಅದರ ವೋಲ್ಟ್ ತುಂಬಿದಾಗಲೂ ಕಾಲು ಭಾಗ ಉಳಿದಾಗಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಅದಕ್ಕೆ ಬಿಎಂಎಸ್ ತೋರಿಸುವ ಶೇಕಡಾ ನೋಡಬೇಕು.

ವೋಲ್ಟಿಗಿಂತ ನಿಜ ಹೇಳುವುದು ಆಸಿಡ್ ನೀರಿಗಿಂತ ಎಷ್ಟು ಪಟ್ಟು ಗಟ್ಟಿ (ಸಾಂದ್ರ) ಎಂದು ಅಳೆಯುವ ಹೈಡ್ರೋಮೀಟರ್. ಗಾಜಿನ ಕೊಳವೆ, ತಲೆಗೆ ರಬ್ಬರ್ ಬುರುಡೆ, ಒಳಗೊಂದು ತೇಲುವ ಕಡ್ಡಿ. ಬುರುಡೆ ಒತ್ತಿ ಬಿಟ್ಟರೆ ಆಸಿಡ್ ಏರುತ್ತದೆ, ಕಡ್ಡಿ ತೇಲುತ್ತದೆ. ಚಾರ್ಜ್ ತುಂಬಿದ್ದರೆ ಆಸಿಡ್ ಗಟ್ಟಿ, ಕಡ್ಡಿ ಎತ್ತರಕ್ಕೆ ನಿಂತು 1.240ರಿಂದ 1.250ರ ಹತ್ತಿರ ತೋರಿಸುತ್ತದೆ. ನಿಮ್ಮ ಬ್ಯಾಟರಿಗೆ ಎಷ್ಟಿರಬೇಕೆಂದು ಲೇಬಲ್ಲಿನಲ್ಲೇ ಬರೆದಿರುತ್ತದೆ. ಖಾಲಿಯಾಗಿದ್ದರೆ ಕಡ್ಡಿ ಮುಳುಗಿ 1.150ಕ್ಕೂ ಕೆಳಗೆ ಹೋಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್ ಇರುತ್ತವೆ, ಆರನ್ನೂ ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ಸತ್ತ ನಮ್ಮ ಬ್ಯಾಟರಿಯೊಂದರಲ್ಲಿ ಐದು ಸೆಲ್ 1.200ರ ಹತ್ತಿರ ಇದ್ದರೆ ನಾಲ್ಕನೆಯದು 1.120ರಲ್ಲಿ ಮುಳುಗಿ ಕೂತಿತ್ತು. ಸರಪಳಿಯಲ್ಲಿ ಒಂದು ಕೊಂಡಿ ಸವೆದರೆ ಇಡೀ ಸರಪಳಿ ಸೋತ ಹಾಗೆ, ಆ ಒಂದೇ ಸೆಲ್ ಸಾಲಿನ ನಾಲ್ಕೂ ಬ್ಯಾಟರಿಯನ್ನು ಎಳೆದು ಬೀಳಿಸಿತ್ತು. ಸೆಲ್‌ಗಳ ನಡುವೆ 0.030ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಂಟ್ರೋಲರಿನ ಈಕ್ವಲೈಸ್ ಸೆಟ್ಟಿಂಗಿನಲ್ಲಿ, ಸ್ವಲ್ಪ ಹೆಚ್ಚು ವೋಲ್ಟಿನಲ್ಲಿ, ಕೆಲವು ಗಂಟೆ ಚಾರ್ಜ್ ಕೊಡಬೇಕು. ಆಗ ಗುಳ್ಳೆಯೆದ್ದು ತಳಕ್ಕಿಳಿದ ಗಟ್ಟಿ ಆಸಿಡ್ಡೂ ಕದಡಿ ಒಂದಾಗುತ್ತದೆ. ಕಿಟಕಿ ತೆರೆದಿಟ್ಟು ಮಾಡುವ ಕೆಲಸ ಇದು. ಸೀಲ್ ಆದ ಬ್ಯಾಟರಿಗೂ ಲಿಥಿಯಂಗೂ ಇದನ್ನು ಮಾಡಲೇಬಾರದು.

ನೀರಿನ ವಿಷಯಕ್ಕೆ ಬಂದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. "ಮಳೆ ನೀರಿಗಿಂತ ಶುದ್ಧ ಯಾವುದಿದೆ" ಅಂತ ನಮ್ಮಲ್ಲಿ ಕೇಳುವವರಿದ್ದಾರೆ. ಮೋಡದಿಂದ ಹೊರಟಾಗ ಅದು ಶುದ್ಧವೇ ಇರಬಹುದು, ಹಂಚಿನ ಪಾಚಿ, ಎಲೆ, ಹಕ್ಕಿ ಹಿಕ್ಕೆ ತೊಳೆದುಕೊಂಡು ದೋಣಿಗೆ ಇಳಿಯುವಾಗ ಅಲ್ಲ. ಬಾವಿ ನೀರಿನ ಖನಿಜ ಪ್ಲೇಟಿಗೆ ವಿಷ. ನೀರನ್ನು ಚಾರ್ಜ್ ತುಂಬಿದ ಮೇಲೆ ಹಾಕಬೇಕು. ಮೊದಲೇ ಗೆರೆ ತನಕ ತುಂಬಿದರೆ ಚಾರ್ಜ್ ಆಗುವಾಗ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಿ, ಉಳಿದದ್ದು ಆಮೇಲೆ. ಕಡಿಮೆಯಾಗುವುದು ನೀರು ಮಾತ್ರ, ಆಸಿಡ್ ಅಲ್ಲ. ಆದ್ದರಿಂದ ಆಸಿಡ್ ಸೇರಿಸಬೇಡಿ.

ಮಲೆನಾಡಿನ ತೇವಕ್ಕೆ ಟರ್ಮಿನಲ್ಲಿನ ಮೇಲೆ ಬಿಳಿ, ಹಸಿರು ಪುಡಿ ಬೂಸಲಿನ ಹಾಗೆ ಅರಳುತ್ತದೆ. ಕನೆಕ್ಷನ್ ತೆಗೆದು, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ನೊರೆಯೆದ್ದು ಬಿಡುತ್ತದೆ. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಒರೆಸಿ ಒಣಗಿಸಿ, ನಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ. ಆಸಿಡ್ ಕಣ್ಣಿಗೆ ಸಿಡಿದರೆ ಸೋಡಾ ಗೀಡಾ ಹುಡುಕಬೇಡಿ, ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ.

ಮನೆ ಬೀಗ ಹಾಕಿ ತಿಂಗಳುಗಟ್ಟಲೆ ಊರು ಬಿಡುವವರು ಲೀಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಪ್ಯಾನೆಲ್ ಜೋಡಣೆ ಹಾಗೇ ಬಿಟ್ಟು, ಇನ್ವರ್ಟರನ್ನು ಮಾತ್ರ ಆಫ್ ಮಾಡಿ ಹೋಗಬೇಕು. ಲಿಥಿಯಂ ಆದರೆ ಅರ್ಧದ ಆಸುಪಾಸಿನಲ್ಲಿಟ್ಟು ಪೂರ್ತಿ ಬಿಡಿಸಿಡುವುದು ಮೇಲು.

ಸತ್ತ ಬ್ಯಾಟರಿಯನ್ನು ಏನು ಮಾಡುವುದು?

ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅದನ್ನು ಕರಗಿಸಿ ಮತ್ತೆ ಬ್ಯಾಟರಿ ಮಾಡುತ್ತಾರೆ, ಹಾಗಾಗಿ ಹಳೆಯದಕ್ಕೂ ಬೆಲೆ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳು ಮರಳಿ ಸಂಗ್ರಹವಾಗಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಟ್ಟು, ಅದರ ಬೆಲೆ ಬಿಲ್ಲಿನಲ್ಲಿ ಕಳೆಸಿಕೊಳ್ಳಿ. ಗುಜರಿಯವರು ತೂಕ ಕಡಿಮೆಯಾಗಲೆಂದು ಆಸಿಡ್ಡನ್ನು ಅಲ್ಲೇ ಚರಂಡಿಗೆ ಸುರಿದು ಹೋಗುವುದುಂಟು. ಸೀಸ ಬೆರೆತ ಆ ಆಸಿಡ್ ನಮ್ಮ ಹಳ್ಳ ಸೇರಿ, ಸಕಲೇಶಪುರದ ಕಡೆಯದಾದರೆ ಹೇಮಾವತಿಗೆ, ಕಳಸದ ಕಡೆಯದಾದರೆ ಭದ್ರೆಗೆ ಹೋಗುತ್ತದೆ. ಮುಚ್ಚಳ ಬಿಗಿದು, ನೆಟ್ಟಗೆ ನಿಲ್ಲಿಸಿ, ಆಸಿಡ್ ಸಮೇತ ಜೀಪಿಗೆ ಹತ್ತಿಸಿ ಕಳಿಸಿ.